ಒಂಬತ್ತನೆಯ ಪುಟದ ಐರ್ಲೆಂಡ್

“ಶಿಕ್ಷಣಕ್ಕ ಸರ್ಕಾರ ಖರ್ಚು ಮಾಡೂದ್ರಾಗ ಡೆನ್ಮಾರ್ಕಿಗಿಂತ ಐರ್ಲೆಂಡ್ ಭಾಳ ಮುಂದೈತ್ರಿ,” ಎಂದು ಬಸವಕಿರಣ್ ಹೇಳಿದಾಗ, ಕೇಸರಿಬಾತಿನ ಚಮಚ ಭೂಮಿಕಾಳ ಬಾಯಿಯ ಹತ್ತಿರವೇ ನಿಂತಿತು.

ಹೆಣ್ಣು ನೋಡಲು ಬಂದವನು ಆಡುವ ಮಾತೇ ಇದು? ಡಾಲರ್ ನಾಡಿನ ಫ್ಲೋರಲ್ ಪಾರ್ಕ್ ಬಡಾವಣೆಯಲ್ಲಿದ್ದ ಚಿಕ್ಕಮ್ಮನ ಮನೆಯ ಇದೇ ಸೋಫಾದಲ್ಲಿ ಈ ಬೇಸಿಗೆ ಇಬ್ಬರು ಕೂತು ಎದ್ದುಹೋಗಿದ್ದರು. ಅವಳು ಪಿಎಚ್‌ಡಿ ಯಾವಾಗ ಮುಗಿಸುತ್ತಾಳೆಂಬುದು ಒಬ್ಬನಿಗೆ ಬೇಕಿತ್ತು, ಯಾವಾಗ ಬಿಡುತ್ತಾಳೆಂಬುದು ಇನ್ನೊಬ್ಬನಿಗೆ. ಯಾವ ವಿಷಯದ ಮೇಲೆ ಎಂದು ಇಬ್ಬರೂ ಕೇಳಿರಲಿಲ್ಲ. ಮೂರನೆಯವನೂ ಅದೇ ಥರದವನಾದರೆ ಮದುವೆಯ ಮಾತನ್ನೇ ಅಲ್ಲಿಗೆ ನಿಲ್ಲಿಸಬೇಕೆಂದು ಅವಳು ಬೆಳಿಗ್ಗೆ ಚಿಕ್ಕಮ್ಮನಿಗೆ ಖಡಾಖಂಡಿತವಾಗಿ ಹೇಳಿದ್ದಳು. ಈಗ ನೋಡಿದರೆ, ಪಕ್ಕದ ರಾಜ್ಯದ ಮಾನ್ಮತ್ ಜಂಕ್ಷನ್ನಿನಿಂದ ಎರಡು ರೈಲು ಹಿಡಿದು ಬಂದ, ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜುಮಾಡುವ ಈ ವೈ-ಟು-ಕೆ ಪ್ರೋಗ್ರಾಮರ್, ಅವಳು ಮೂರು ವರ್ಷ ಉತ್ತು ಬಿತ್ತಿದ ಸಂಶೋಧನೆಯ ಹೊಲಕ್ಕೇ ನುಗ್ಗಿ ಬದು ಕಿತ್ತುಹಾಕುತ್ತಿದ್ದಾನೆ.

“ಉಲ್ಟಾ ಹೇಳ್ತಿದೀರಿ. ಡೆನ್ಮಾರ್ಕೇ ಜಾಸ್ತಿ,” ಎಂದಳು.

“ಇಲ್ರಿ, ನಾ ಓದೇನಿ. ಪ್ರಿಂಟ್ ಆಗೇತ್ರಿ.”

“ಪ್ರಿಂಟ್ ಆದದ್ದೆಲ್ಲ ವಚನಾನಾ? ಬರೆದೋರು ಯಾರೋ ಟೇಬಲ್ ನೋಡೋಕೂ ಬರದ ದಡ್ಡರಿರ್ಬೇಕು. ಅಂಥವರಿಗೆಲ್ಲ ಯಾರು ಸ್ಕಾಲರ್‌ಷಿಪ್ ಕೊಡ್ತಾರೋ.”

ಚಿಕ್ಕಮ್ಮ ಶೈಲಮ್ಮ ಅಡುಗೆಮನೆಯ ಬಾಗಿಲಿನಿಂದ ಕಣ್ಣಲ್ಲೇ ಗದರಿದರು. ಬಸವಕಿರಣನ ಕಿವಿಗಳು ಕೆಂಪಾದವು. ಅವನು ತಟ್ಟೆ ಕೆಳಗಿಟ್ಟು ಜಾಕೆಟ್ಟಿನ ಒಳಜೇಬಿನಿಂದ ಮಡಿಸಿದ ಝೆರಾಕ್ಸ್ ಹಾಳೆಗಳನ್ನು ಅರ್ಧ ಹೊರಗೆಳೆದ. ಯಾಕೋ ಮನಸ್ಸು ಬದಲಿಸಿ ಮತ್ತೆ ಒಳಗೆ ತಳ್ಳಿದ.

“ಹೋಗ್ಲಿ ಬಿಡ್ರಿ. ಡೆನ್ಮಾರ್ಕ್ ಅಂತನ ಇಟ್ಕೊಳ್ಳೋಣು.”

“ಇಟ್ಕೊಳ್ಳೋಕೆ ಅದೇನು ಉಪ್ಪಿನಕಾಯಾ? ಕೊಡಿ ಇಲ್ಲಿ.”

ಅವಳು ಕಸಿದುಕೊಂಡು ಬಿಡಿಸಿದಳು. ಮೊದಲ ಹಾಳೆಯಲ್ಲಿ, ಶೀರ್ಷಿಕೆಯ ಕೆಳಗೆ, ಅವಳದೇ ಹೆಸರಿತ್ತು. ಹೋದ ವರ್ಷ ಸಮ್ಮೇಳನವೊಂದರಲ್ಲಿ ಓದಿದ್ದ ಪ್ರಬಂಧ. ಭೂಮಿಕಾ ಹಾಳೆಗಳನ್ನು ಮಗುಚುತ್ತ ಒಂಬತ್ತನೆಯ ಪುಟಕ್ಕೆ ಬಂದಳು. ಕೋಷ್ಟಕದಲ್ಲಿ ಡೆನ್ಮಾರ್ಕಿನ ಅಂಕಿಗಳು ಐರ್ಲೆಂಡಿನ ಸಾಲಿನಲ್ಲಿ ಕೂತಿದ್ದವು, ಐರ್ಲೆಂಡಿನವು ಡೆನ್ಮಾರ್ಕಿನ ಸಾಲಿನಲ್ಲಿ. ಅದರ ಕೆಳಗೆ, ‘ಕೋಷ್ಟಕವೇ ಎಲ್ಲವನ್ನೂ ಹೇಳುತ್ತದೆ’ ಎಂದು ಅವಳೇ ಬರೆದ ಗತ್ತಿನ ವಾಕ್ಯ. ಅವಳ ಗೈಡ್ ಪ್ರೊಫೆಸರು ಇದನ್ನು ನೋಡಿ ಸಹಿ ಹಾಕಿದ್ದರು. ಸಮ್ಮೇಳನದಲ್ಲಿ ಎಂಬತ್ತು ಜನ ಚಪ್ಪಾಳೆ ತಟ್ಟಿದ್ದರು.

“ಏನಮ್ಮ, ಯಾರಂತೆ ಆ ದಡ್ಡ?” ಚಿಕ್ಕಪ್ಪ ಅಮರೇಶ್ವರ ಪೇಪರಿನ ಹಿಂದಿನಿಂದ ಕೇಳಿದರು.

ಯಾರೋ ಡಬ್ಲಿನ್ನಿನ ಪ್ರೊಫೆಸರು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಬಸವಕಿರಣ್ ಕಾರ್ಪೆಟ್ಟನ್ನೇ ನೋಡುತ್ತಿದ್ದ. ಅವನ ಬಾಯಿಂದಂತೂ ನಿಜ ಹೊರಬರುವಂತಿರಲಿಲ್ಲ.

“ನಾನೇ, ಚಿಕ್ಕಪ್ಪ.”

ಅಡುಗೆಮನೆಯಲ್ಲಿ ಸೌಟೊಂದು ಬಿದ್ದ ಸದ್ದಾಯಿತು. ಚಿಕ್ಕಪ್ಪ ಪೇಪರು ಮಡಿಸಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಭೂಮಿಕಾಗೂ ನಗು ತಡೆಯಲಾಗಲಿಲ್ಲ.

“ಇದು ಎಲ್ಲಿ ಸಿಕ್ತು ನಿಮಗೆ?”

“ಹ್ವಾದ ಶನಿವಾರ ನಿಮ್ಮ ಯೂನಿವರ್ಸಿಟಿ ಲೈಬ್ರರಿಗೆ ಹೋಗಿದ್ದೆನ್ರಿ. ಇಲ್ಲಿ ಬಂದು ಏನ್ ಮಾತಾಡಬೇಕು ಗೊತ್ತಿರ್ಲಿಲ್ಲ ನೋಡ್ರಿ.”

“ಪೂರ್ತಿ ಓದಿದ್ರಾ?”

“ಎರಡು ಸಲ. ತಿಳೀಲಿಲ್ಲಂತ ಇನ್ನೊಂದು ಸಲ.”

ಅವಳು ಒಂಬತ್ತನೆಯ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕೋಷ್ಟಕದ ಪಕ್ಕದ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಬರೆದು, ಆಮೇಲೆ ರಬ್ಬರಿನಿಂದ ಉಜ್ಜಿದ್ದರು. ಮಸುಕಾದ ಗುರುತು ಉಳಿದಿತ್ತು.

“ನಿಮಗೆ ಡೌಟ್ ಬಂದಿತ್ತು.”

“ಬಂದಿತ್ರಿ. ಹಿಂದಿನ ಪುಟಕ್ಕೂ ಇದಕ್ಕೂ ತಾಳ ಕೂಡ್ಲಿಲ್ಲ. ಆದ್ರ ಅಷ್ಟು ಓದಿದವ್ರು ನೀವು ಬರ್ದೀರಿ ಅಂದಮ್ಯಾಲ, ನಂದ ತಪ್ಪಿರಬೇಕು ಅಂತ ಅಳಿಸಿದೆ.”

ಭೂಮಿಕಾ ಚಿಕ್ಕಪ್ಪನ ಜೇಬಿನಿಂದ ಪೆನ್ನು ತೆಗೆದುಕೊಂಡಳು. ಅಳಿಸಿದ ಗುರುತಿನ ಮೇಲೆಯೇ, ಶಾಯಿಯಲ್ಲಿ, ದಪ್ಪಗೆ ಮತ್ತೆ ಪ್ರಶ್ನಾರ್ಥಕ ಚಿಹ್ನೆ ಬರೆದು ಹಾಳೆಯನ್ನು ಅವನ ಕೈಗಿತ್ತಳು.

“ಇನ್ಮೇಲೆ ಅಳಿಸ್ಬೇಡಿ,” ಎಂದಳು.