ಬ್ಯಾನರಿನ ಎರಡು ತುದಿ

“ಮ್ಯಾಲ, ಕೆಳಗ ಈ ಕರಿ ಪಟ್ಟಿ ಯಾಕಬೇ ಸವಿತಾ? ಎರಡೂ ಬದಿ ಕತ್ತರಿಸು, ಟೀವಿ ತುಂಬ ಕಾಣಲಿ,” ಎಂದ ಸಂಘದ ಮುಖಂಡ ಜಗದೀಶ.

ದೇವದುರ್ಗದಲ್ಲಿ ಹೆಣ್ಣಾಳುಗಳು ಸಮಾನ ಕೂಲಿಗಾಗಿ ನಡೆಸಿದ ಮೆರವಣಿಗೆಯ ವಿಡಿಯೋ ಕ್ಯಾಸೆಟ್ಟನ್ನು ಸವಿತಾ ರಾಯಚೂರಿನ ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡಿದ್ದಳು. ಚಿತ್ರ ಅಗಲವಾದದ್ದು, ಅದನ್ನು ತೋರಿಸಬೇಕಿದ್ದ ಸಂಘದ ಕಚೇರಿಯ ಹಳೆಯ ಟೀವಿ ಚೌಕಾಕಾರದ್ದು; ಅದಕ್ಕೆ ಹೊಂದಿಸಿದರೆ ಮೇಲೆ, ಕೆಳಗೆ ಜಾಗ ಖಾಲಿ ಉಳಿದು ಕರಿ ಪಟ್ಟಿ ಬೀಳುತ್ತಿತ್ತು. ಅವಳು ಬದಿಗಳನ್ನು ಕತ್ತರಿಸಿ ತೋರಿಸಿದಳು. ನಡುವೆ ನಡೆಯುತ್ತಿದ್ದ ಜಗದೀಶ ಪರದೆಯ ತುಂಬ ಬೆಳೆದು ನಿಂತ.

“ಈಗ ಖರೇ ಹೋರಾಟ ಕಾಣಾಕತ್ತದ ನೋಡು.”

“ಬ್ಯಾನರ್ ಯಾರು ಹಿಡಿದಾರ್ರೀ ಅಣ್ಣಾ? ಗಾಳಿಯಾಗ ತಾನ ನಿಂತದೇನು?”

ಜಗದೀಶ ಬಗ್ಗಿ ನೋಡಿದ. ಬಟ್ಟೆಯಿತ್ತು, ಕೋಲುಗಳಿರಲಿಲ್ಲ, ಹಿಡಿದ ಕೈಗಳೂ ಇರಲಿಲ್ಲ. ಸವಿತಾ ಇಡೀ ಚಿತ್ರವನ್ನು ಮರಳಿ ತಂದಳು. ಒಂದು ತುದಿಯಲ್ಲಿ ಸವಿತಾಳ ಅವ್ವ ಅಮರಮ್ಮ, ಇನ್ನೊಂದು ತುದಿಯಲ್ಲಿ ಅವಳ ಜೊತೆ ಕೂಲಿ ಮಾಡುವ ರಂಜಾನಬಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೋಲು ಎತ್ತಿ ಹಿಡಿದಿದ್ದರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮರಮ್ಮ ಹತ್ತಿರ ಬಂದಳು. “ಊರ ಅಗಸಿ ಬಾಗಿಲಿಂದ ತಹಶೀಲಿ ಕಚೇರಿ ಮಟ ನಾವಿಬ್ಬರ ಹಿಡಿದೀವಿ ಯಪ್ಪಾ. ಒಮ್ಮೆನೂ ಕೈ ಇಳಿಸಲಿಲ್ಲ.”

“ಪಟ್ಟಿ ಇರಲಿ ಬಿಡು,” ಎನ್ನುತ್ತ ಜಗದೀಶ ಎದ್ದು, ತಾನು ಕುಳಿತಿದ್ದ ಕುರ್ಚಿಯನ್ನು ಅಮರಮ್ಮನತ್ತ ಸರಿಸಿದ.

ಅಮರಮ್ಮ ಬೆನ್ನು ನೆಟ್ಟಗೆ ಮಾಡಿ ಕುಳಿತಳು. “ಹೊರಗ ಕುಂತಿರೋ ರಂಜಾನಬಿನ್ನೂ ಕರೀ ಮಗಳ. ಆಮ್ಯಾಲೆ ಮೊದಲಿಂದ ಹಚ್ಚು.”