ಇಲ್ಲಿ ನಿಲ್ಲಿಸಿ ಮಾವ

"ಇಲ್ಲಿ ನಿಲ್ಲಿಸಿ ಮಾವ," ಎಂದಳು ಸೊಸೆ. ಹೊರಟಾಗಿನಿಂದ ಇದು ಮೂರನೆಯ ಸಲ.

ಬಡಗಿ ಹಲ್ಲು ಕಚ್ಚಿಕೊಂಡು ಬ್ರೇಕ್ ಒತ್ತಿದ. ಇಳಿಸಲು ಪುರುಸೊತ್ತಾಗದೆ ವ್ಯಾನಿನಲ್ಲೇ ಉಳಿದಿದ್ದ ಹಲಗೆಗಳು ದಡಬಡನೆ ಮುಂದಕ್ಕೆ ಜಾರಿದವು. ರಾತ್ರಿ ಫೋನ್ ಬಂದಿತ್ತು. ದೂರದ ಊರಿನಲ್ಲಿ ಸೇತುವೆ ಕಟ್ಟುವ ಕೆಲಸಕ್ಕಿದ್ದ ಅವನ ಮಗ ಮೇಲಿನಿಂದ ಬಿದ್ದಿದ್ದ, ಐಸಿಯುನಲ್ಲಿದ್ದ. ಬೆಳಕು ಹರಿಯುತ್ತಲೇ ಮಾವ ಸೊಸೆ ಹೊರಟಿದ್ದರು. ಇನ್ನೂ ಅರ್ಧ ದಾರಿಯೂ ಸವೆದಿರಲಿಲ್ಲ.

ದಾರಿಯೋ, ನೂಲು ಹಿಡಿದು ಎಳೆದ ಗೆರೆಯಂಥ ಹೆದ್ದಾರಿ. ಎರಡೂ ಕಡೆ ಬೋಳು ಬಯಲು, ತಂತಿಬೇಲಿ, ಕರೆಂಟು ಕಂಬ. ಈ ರಸ್ತೆಯಲ್ಲಿ ಸ್ಟೀರಿಂಗೂ ಆಕಳಿಸುತ್ತೆ ಅಂತ ಮಗ ನಗುತ್ತಿದ್ದ. ಕಣ್ಣಿಟ್ಟು ನೋಡುವಂಥದ್ದು ಏನೂ ಇಲ್ಲದ ಕಡೆ ಸೊಸೆ ಮಾತ್ರ ಕಿಟಕಿಗೆ ಹಣೆಯೊತ್ತಿ ಏನನ್ನೋ ಹುಡುಕುತ್ತಲೇ ಇದ್ದಳು.

ಮೊದಲ ಸಲ ನಿಲ್ಲಿಸಿದ್ದು ಸಣ್ಣದೊಂದು ಕ್ಲಿನಿಕ್ ಎದುರಿನ ಮರದ ನೆರಳಿನಲ್ಲಿ. ಕಲ್ಲುಬೆಂಚಿನ ಮೇಲೆ ಯಾರೋ ಕೂತಿದ್ದರು. ಇಳಿದವಳು ಹಾಗೇ ಹತ್ತಿ ಕೂತಳು. "ಬೇಡ ಮಾವ, ಮುಂದೆ ಹೋಗೋಣ." ಎರಡನೆಯದು ಒಂದು ಹೋಟೆಲು. ಎರಡು ಚಹಾ ಹೇಳಿದಳು. ತನ್ನದನ್ನು ಮುಟ್ಟಲೂ ಇಲ್ಲ. ಟಿವಿ ಅರಚುತ್ತಿತ್ತು. "ಇಲ್ಲಿ ಗಲಾಟೆ ಜಾಸ್ತಿ," ಎಂದು ಎದ್ದುಬಿಟ್ಟಳು.

ಈಗ ಕೆರೆ. ಕೆರೆಗೊಂದು ಕಟ್ಟೆ, ಕಟ್ಟೆಯ ಮೇಲೆ ಗಾಳಿ.

"ಇಲ್ಲಿ ತಂಪಾಗಿದೆ. ಸ್ವಲ್ಪ ಕೂತ್ಕೊಳ್ಳಿ ಮಾವ. ಮಾತ್ರೆ ತಗೊಂಡ್ರಾ?"

"ಆಸ್ಪತ್ರೆಗೆ ಹೋಗ್ತಿದ್ದೀವೋ, ಪ್ರವಾಸಕ್ಕೋ?"

ಅಷ್ಟರಲ್ಲಿ ಅವಳ ಚೀಲದೊಳಗೆ ಫೋನ್ ಗುರುಗುಟ್ಟಿತು. ತೆಗೆದು ನೋಡಿದಳು. ಎದ್ದು ದೂರ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು, ಬೆನ್ನು ತಿರುಗಿಸಿ ಮಾತಾಡಿದಳು.

"ಯಾರದು?"

"ಅವರ ಕೆಲಸದ ಕಡೆಯವರು. ಎಲ್ಲಿದೀರಿ ಅಂತ ಕೇಳಿದ್ರು."

ಅದನ್ನು ಹೇಳಲು ಅಷ್ಟು ದೂರ ಹೋಗಬೇಕಿತ್ತೇ? ಬಡಗಿಯ ತಲೆಯೊಳಗೆ ಹುಳ ಹೊಕ್ಕಿತು. ಮಗ ತಾನೇ ಮೆಚ್ಚಿ ತಂದ ಹುಡುಗಿ. ಮದುವೆಯ ದಿನ ಬಡಗಿ ಉಳಿ ಹಿಡಿದು ಕೆಲಸಕ್ಕೆ ಹೋಗಿದ್ದ. ಆಮೇಲೂ ಮಾತು ಅಷ್ಟಕ್ಕಷ್ಟೆ. ಹೋದ ವರ್ಷ ಅವನ ಎದೆಗೆ ಸ್ಟೆಂಟ್ ಹಾಕಿದಾಗ ಆಸ್ಪತ್ರೆಯಲ್ಲಿ ಉಳಿದು ನೋಡಿಕೊಂಡವಳು ಇವಳೇ, ನಿಜ. ಆದರೆ ಗಂಡ ಅಷ್ಟು ದೂರ ಹೋದಾಗ ಇವಳು ಹೊಲಿಗೆ ಅಂಗಡಿ ಬಿಟ್ಟು ಜೊತೆಗೆ ಹೋಗಲಿಲ್ಲ. ನೆರೆಯವರು ಸುಮ್ಮನೆ ಆಡಿಕೊಳ್ಳುತ್ತಾರೆಯೇ? ಬೆಂಕಿಯಿಲ್ಲದೆ ಹೊಗೆಯೇ? ಗಂಡ ಸಾವು ಬದುಕಿನ ನಡುವೆ ಇರುವಾಗ ಯಾವ ಹೆಂಡತಿ ಗಾಳಿ ಚೆನ್ನಾಗಿದೆ, ನೆರಳು ಚೆನ್ನಾಗಿದೆ ಎನ್ನುತ್ತಾಳೆ? ಬೆಳಗ್ಗೆಯಿಂದ ಅವಳ ಕಣ್ಣಲ್ಲಿ ಒಂದು ಹನಿ ನೀರು ಕಂಡಿರಲಿಲ್ಲ.

ಹೊತ್ತು ನೆತ್ತಿಗೇರಿತು. ಬಡಗಿ ಆಕ್ಸಿಲರೇಟರಿನ ಮೇಲಿನ ಕಾಲು ತೆಗೆಯಲಿಲ್ಲ.

"ಇಷ್ಟು ಜೋರು ಬೇಡ ಮಾವ."

"ಬಾಯ್ಮುಚ್ಚಿಕೊಂಡು ಕೂತ್ಕೊ."

ಡೀಸೆಲ್ ಮುಗಿಯುತ್ತ ಬಂದಿದ್ದರಿಂದ ಬಂಕಿನಲ್ಲಿ ನಿಲ್ಲಿಸಲೇಬೇಕಾಯಿತು. ಟ್ಯಾಂಕ್ ತುಂಬಿತು. ಸೊಸೆ ಸುತ್ತ ನೋಡಿದಳು. ಪಕ್ಕದಲ್ಲಿ ಔಷಧಿ ಅಂಗಡಿ, ಅದರಾಚೆ ಹೆದ್ದಾರಿಯ ಆಂಬುಲೆನ್ಸ್ ಒಂದು ನಿಂತಿತ್ತು, ಗೋಡೆಗೆ ಒರಗಿದಂತೆ ಖಾಲಿ ಕುರ್ಚಿಗಳು. ಅವಳು ಉದ್ದನೆಯ ಉಸಿರೆಳೆದುಕೊಂಡಳು.

"ಮಾವ, ಇಳೀರಿ. ಇಲ್ಲಿ ಹತ್ತು ನಿಮಿಷ ಕೂರೋಣ. ನಿಮಗೊಂದು ಮಾತು ಹೇಳ್ಬೇಕು."

"ನಿನ್ನ ಪುರಾಣ ಮುಗಿಯೋವರೆಗೆ ನನ್ನ ಮಗ ಕಾಯೋದಿಲ್ಲ."

ಅವಳು ಅವನ ಮುಖವನ್ನೇ ನೋಡಿದಳು. "ಕಾಯ್ತಾರೆ ಮಾವ," ಎಂದಳು ಮೆಲ್ಲಗೆ. "ನಿಮಗೆ ನೀರು ತರ್ತೀನಿ, ಕೂತಿರಿ."

ಕಾಯ್ತಾರಂತೆ. ಎಂಥ ಕಲ್ಲೆದೆ. ಅವಳು ಅಂಗಡಿಯತ್ತ ತಿರುಗಿದ್ದೇ ತಡ, ಬಡಗಿ ಕೀಲಿ ತಿರುಗಿಸಿದ. ವ್ಯಾನು ಹೆದ್ದಾರಿಗೆ ನುಗ್ಗಿತು. ಕನ್ನಡಿಯಲ್ಲಿ ನೀರಿನ ಬಾಟಲಿ ಹಿಡಿದ ಹೆಂಗಸೊಬ್ಬಳು ಓಡೋಡಿ ಬರುತ್ತಿದ್ದಳು, ಇನ್ನೊಂದು ಕೈ ಎತ್ತಿ ಏನೋ ಕೂಗುತ್ತಿದ್ದಳು. ಚಿಕ್ಕದಾದಳು. ಕಾಣದಾದಳು.

ಸ್ವಲ್ಪ ದೂರ ಹೋದ ಮೇಲೆ ಅವನಿಗೇ ಒಂಥರಾ ಆಯಿತು. ಹೆಣ್ಣುಮಗಳು, ಗೊತ್ತಿಲ್ಲದ ಜಾಗ. ಆದರೂ ತಿರುಗಿಸಲಿಲ್ಲ, ಜೇಬಿನಲ್ಲಿ ಬಡಿದುಕೊಳ್ಳುತ್ತಿದ್ದ ಫೋನನ್ನೂ ಎತ್ತಲಿಲ್ಲ. ಬಸ್ಸು ಹಿಡಿದು ಬರಲಿ ಎಂದುಕೊಂಡ. ಮಗನಿಗೆ ಕಣ್ಣು ಬಿಟ್ಟಾಗ ಕಾಣಬೇಕಾದ್ದು ಅಪ್ಪನ ಮುಖ. ಹುಷಾರಾಗಲಿ, ಇವಳ ವಿಷಯ ಆಮೇಲೆ ಹೇಳಿದರಾಯಿತು. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತಲೇ ಹೋದ.

ಆಸ್ಪತ್ರೆ ಮುಟ್ಟಿದಾಗ ಬಿಸಿಲು ಇಳಿಮುಖವಾಗಿತ್ತು. ಫಿನಾಯಿಲ್ ವಾಸನೆಯ ಹಜಾರ. ಬಡಗಿ ಮೇಜಿನ ಹಿಂದಿದ್ದ ನರ್ಸಿಗೆ ಮಗನ ಹೆಸರು ಹೇಳಿದ. ಆಕೆ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಅವನ ಬೆನ್ನ ಹಿಂದೆ ಬಾಗಿಲಿನತ್ತ ನೋಡಿದಳು.

"ಜೊತೆಗೆ ಅವರ ಹೆಂಡತಿ ಇರ್ಬೇಕಿತ್ತಲ್ಲ?"

"ಹಿಂದೆ ಬರ್ತಾಳೆ. ನನ್ನ ಮಗ ಇರೋ ಐಸಿಯು ಯಾವ ಕಡೆ, ಅದನ್ನು ಹೇಳಮ್ಮ."

ನರ್ಸ್ ಎದ್ದು ಬಂದು ತನ್ನ ಕುರ್ಚಿಯನ್ನೇ ಅವನ ಮುಂದೆ ಎಳೆದಿಟ್ಟಳು. ಅವನು ಕೂರಲಿಲ್ಲ.

"ನೀವು ಮನೆ ಬಿಡೋ ಮೊದಲೇ ಅವರಿಗೆ ಫೋನ್ ಮಾಡಿ ತಿಳಿಸಿದ್ವಲ್ಲ ಯಜಮಾನ್ರೇ," ಎಂದಳು ಆಕೆ. "ಮಾವನ ಎದೆ ಗಟ್ಟಿಯಿಲ್ಲ, ನೀವ್ಯಾರೂ ಹೇಳ್ಬೇಡಿ, ದಾರಿಯಲ್ಲಿ ಎಲ್ಲಾದ್ರೂ ಒಂದು ಒಳ್ಳೆ ಜಾಗ ನೋಡಿ, ಕೂರಿಸಿ, ನಾನೇ ಹೇಳ್ತೀನಿ ಅಂದಿದ್ರು."