ತಾಯಿಯ ಕೋಟು

"ಅವ್ವಾ, ಬ್ಯಾಗ ಬಾ! ಒಂದ ನಿಮಿಷ ಉಳದೈತಿ!" ಫೋನ್ ಹಿಡಿದ ಶಿವಲೀಲಾ ಕೂಗಿದಳು. ರೊಟ್ಟಿ ಬಡಿಯುತ್ತಿದ್ದ ಬಸವಕ್ಕ ಹಿಟ್ಟಿನ ಕೈಯಲ್ಲೇ ಬಂದು ಮಗಳ ಗೇಮಿನೊಳಗೆ ಬಗ್ಗಿ ನೋಡಿದಳು. ನಿಯಾನ್ ದೀಪಗಳ ನಗರ, ಮೈ ಸುಡುವ ಆಸಿಡ್ ಮಳೆ. ಅರ್ಧ ಯಂತ್ರವಾದ ತಾಯಿಯೊಬ್ಬಳು ಕೋಟಿನೊಳಗೆ ನಾಲ್ಕೈದು ವರ್ಷದ ಮಗುವನ್ನು ಅವಚಿಕೊಂಡು ಉಕ್ಕಿನ ಗೇಟಿನ ಮುಂದೆ ನಿಂತಿದ್ದಳು.

"ಗೇಟು ಒಬ್ಬರನ್ನಷ್ಟ ಬಿಡತೈತಿ, ಅದೂ ಈ ತಾಯಿ ಗುರುತು ಸಿಕ್ಕರ. ಆಕಿ ಒಳಗ ಹೋದ್ರ ಕೂಸು ಇಲ್ಲೇ ಸಾಯ್ತೈತಿ. ಮೂರು ದಿನದಿಂದ ಸೋಲಾಕತ್ತೀನಿ!"

"ಹುಚ್ಚಿ, ಕುರಿ ಕಾಯೋರ ಮಗಳಾಗಿ ತಿಳೀಲಿಲ್ಲಾ? ದೊಡ್ಡ್ಯಾಗ ಮರಿ ಸತ್ರ, ಅದರ ಚರ್ಮ ನಿಮ್ಮಪ್ಪ ತಬ್ಬಲಿ ಮರಿಗೆ ಹೊದಿಸ್ತಾನ. ವಾಸನಿ ಹಿಡದು ಸತ್ತ ಮರಿ ತಾಯಿ ಇದು ತನ್ನ ಮರೀನ ಅಂತ ಹಾಲು ಕೊಡ್ತೈತಿ. ಆಕಿ ಕೋಟು ಕೂಸಿಗೆ ಹಾಕು, ಗೇಟೂ ಆಕೀನ ಬಂದ್ಲು ಅಂತ ತಿಳೀತೈತಿ!"

ಶಿವಲೀಲಾಳ ಬೆರಳು ಪರದೆಯ ಮೇಲೆ ತಡೆದು ನಿಂತಿತು. "ಕೋಟು ತೆಗದ್ರ ಆಕಿ ಸುಟ್ಟು ಹೋಗ್ತಾಳವ್ವಾ."

"ಅದು ಆಕಿಗೆ ಗೊತ್ತೈತಿ. ಒತ್ತು."

ಮಗಳು ಒತ್ತಲಿಲ್ಲ. ಬಸವಕ್ಕನೇ ಒತ್ತಿದಳು.

ಕೋಟು ಮಗುವಿನ ಮೈಗೇರಿತು. ಗೇಟು ತೆರೆಯಿತು! ಶಿವಲೀಲಾ ಕಿರುಚಿ ಕುಣಿದಳು. ತಾಯಿ ಮಳೆಯಲ್ಲಿ ಮಂಡಿಯೂರಿದಳು. ಮಗು ಒಳಗೆ ಹೋಗದೆ ಅವಳತ್ತ ತಿರುಗಿ ನಿಂತಿತು. ಐದು ಸೆಕೆಂಡ್ ಉಳಿದಿತ್ತು.

"ಹಿಂದಕ್ಕ ನೋಡಬ್ಯಾಡ, ನನ್ನ ಬಂಗಾರಾ," ಬಸವಕ್ಕ ಫೋನಿಗೇ ಕೂಗಿದಳು, "ಓಡು!"